ಬಿರುಕನ್ನು ನಿಲ್ಲಿಸುವ ತೂತು

ಮಕ್ಕಳೇ, ಫೋರ್ಡ್ ಮಾಡೆಲ್ ಟಿ ಎಂಬ ಹಳೆಯ ಕಾರಿನ ಚಿತ್ರ ನೋಡಿದ್ದೀರಾ? ಮರದ ಕಡ್ಡಿಗಳ ತೆಳು ಚಕ್ರ, ಮುಂದೆ ಎರಡು ದುಂಡು ದೀಪ. ಅಮೆರಿಕದಲ್ಲಿ 1908ರಿಂದ 1927ರವರೆಗೆ ಇಂಥ ಒಂದೂವರೆ ಕೋಟಿಗೂ ಹೆಚ್ಚು ಕಾರುಗಳು ತಯಾರಾದವು. ಅವುಗಳಲ್ಲಿ ಕೆಲವನ್ನು ಜನ ಇಂದಿಗೂ ಪ್ರೀತಿಯಿಂದ ಓಡಿಸುತ್ತಾರೆ. ಹಳೆಯ ಕಾರನ್ನು ಕೊಳ್ಳುವವರು ತಪ್ಪದೆ ಪರೀಕ್ಷಿಸುವ ಸಂಗತಿ ಒಂದಿದೆ: ಎಂಜಿನ್ ಬ್ಲಾಕಿನಲ್ಲಿ ಬಿರುಕು ಇದೆಯೇ?

ಬ್ಲಾಕ್ ಎಂದರೆ ಎಂಜಿನ್ನಿನ ಒಡಲು. ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರುಗಳೂ ಒಂದೇ ಎರಕದಲ್ಲಿ ಮೂಡಿರುತ್ತವೆ. ಅವುಗಳೊಳಗೆ ಪೆಟ್ರೋಲ್ ಉರಿದು ವಿಪರೀತ ಕಾವು ಹುಟ್ಟುತ್ತದೆ. ಆ ಕಾವನ್ನು ಹೊತ್ತೊಯ್ಯಲು ಸಿಲಿಂಡರುಗಳ ಸುತ್ತ ಟೊಳ್ಳು ಜಾಗ ಬಿಟ್ಟು, ಅದರಲ್ಲಿ ನೀರು ಹರಿಸುತ್ತಾರೆ. ಎಂಜಿನ್ನನ್ನು ಕಾಪಾಡುವ ಈ ನೀರೇ ಚಳಿಗಾಲದಲ್ಲಿ ಅದಕ್ಕೆ ಶತ್ರುವಾಗಬಲ್ಲದು.

ಹೆಚ್ಚಿನ ವಸ್ತುಗಳು ತಣ್ಣಗಾಗಿ ಗಟ್ಟಿಯಾಗುವಾಗ ಕುಗ್ಗುತ್ತವೆ. ನೀರು ಹಾಗಲ್ಲ, ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. 100 ಮಿಲಿಲೀಟರ್ ನೀರು ಮಂಜುಗಡ್ಡೆಯಾದರೆ ಸುಮಾರು 109 ಮಿಲಿಲೀಟರ್ ಜಾಗ ಬೇಡುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಅದಕ್ಕೇ ಆಗಿನ ಜನ ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು, ಇಲ್ಲವೇ ಸಂಜೆ ಕಾರು ನಿಲ್ಲಿಸಿದ ಮೇಲೆ ನೀರನ್ನೆಲ್ಲ ಬಸಿದು ಬಿಡುತ್ತಿದ್ದರು. ಒಂದು ರಾತ್ರಿ ಮರೆತರೂ ಸಾಕು, ಬೆಳಗಾಗುವಷ್ಟರಲ್ಲಿ ಬ್ಲಾಕ್ ಸೀಳಿರುತ್ತಿತ್ತು.

ಅಷ್ಟು ದಪ್ಪ ಕಬ್ಬಿಣ ಸೀಳುವುದೇಕೆ? ಅದು ಬೀಡು ಕಬ್ಬಿಣ, ಅಂದರೆ ಕರಗಿಸಿ ಅಚ್ಚಿಗೆ ಸುರಿದದ್ದು. ಅದರಲ್ಲಿರುವ ಇಂಗಾಲ ಗ್ರಾಫೈಟ್‌ನ ಸಣ್ಣ ಸಣ್ಣ ಹಾಳೆಗಳಾಗಿ ಹರಡಿಕೊಂಡಿರುತ್ತದೆ. ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇದೇ ಗ್ರಾಫೈಟ್. ಅದಕ್ಕೆ ಬಲವಿಲ್ಲ. ಹಾಗಾಗಿ ಬೀಡು ಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ಉಕ್ಕಿನಂತೆ ಹಿಗ್ಗದೆ ಥಟ್ಟನೆ ಬಿರಿಯುತ್ತದೆ.

ಬೆಸುಗೆ ಹಾಕಿದರಾಯಿತಲ್ಲ ಎಂದು ನಿಮಗನ್ನಿಸಬಹುದು. ಅಲ್ಲೊಂದು ತೊಡಕಿದೆ. ಬೆಸುಗೆಯ ಜಾಗ ಕಾದು ಹಿಗ್ಗುತ್ತದೆ, ಸುತ್ತಲಿನ ಕಬ್ಬಿಣ ತಣ್ಣಗೇ ಇರುತ್ತದೆ. ಆಮೇಲೆ ಕಾದ ಭಾಗ ಆರುತ್ತಾ ಕುಗ್ಗುವಾಗ ಪಕ್ಕದ ಕಬ್ಬಿಣವನ್ನು ಜಗ್ಗುತ್ತದೆ. ಹಳೆಯ ಬಿರುಕಿನ ಪಕ್ಕದಲ್ಲೇ ಹೊಸದೊಂದು ಬಾಯಿ ಬಿಡುತ್ತದೆ! ಇದನ್ನು ತಪ್ಪಿಸಲು ಇಡೀ ಬ್ಲಾಕನ್ನೇ ಕುಲುಮೆಯಲ್ಲಿ ನೂರಾರು ಡಿಗ್ರಿವರೆಗೆ ಕಾಯಿಸಿ, ಬೆಸೆದು, ತೀರಾ ನಿಧಾನವಾಗಿ ಆರಿಸಬೇಕು.

ಬೆಂಕಿಯೇ ಬೇಡದ ದಾರಿಯೊಂದು 1930ರ ದಶಕದಲ್ಲಿ ಅಮೆರಿಕದ ತೈಲ ಬಾವಿಗಳ ಬಳಿ ರೂಪುಗೊಂಡಿತು. ಎಣ್ಣೆ, ಅನಿಲ ತುಂಬಿದ ಜಾಗದಲ್ಲಿ ಕಿಡಿ ಹಾರಿಸುವಂತಿರಲಿಲ್ಲ. ಅಲ್ಲಿ ಬೆಳೆದ ವಿಧಾನವೇ ಲೋಹದ ಹೊಲಿಗೆ.

ಹೊಲಿಗೆಗೆ ಮೊದಲು ಬಿರುಕಿನ ಎರಡು ತುದಿಗಳನ್ನು ಪತ್ತೆ ಮಾಡಬೇಕು. ತುದಿ ಕೂದಲೆಳೆಗಿಂತ ಸಣ್ಣಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮೆಕ್ಯಾನಿಕ್ ಜಾಗವನ್ನು ಚೊಕ್ಕ ಮಾಡಿ ಕೆಂಪು ಬಣ್ಣದ ತೆಳು ದ್ರವ ಹಚ್ಚುತ್ತಾನೆ, ಸ್ವಲ್ಪ ಹೊತ್ತು ಬಿಟ್ಟು ಒರೆಸುತ್ತಾನೆ. ಮೇಲೆ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕಿನೊಳಗೆ ಉಳಿದ ದ್ರವ ಮೇಲೇರಿ ಕೆಂಪು ಗೆರೆಯಾಗಿ ಮೂಡುತ್ತದೆ. ಗೆರೆ ಮುಗಿಯುವಲ್ಲಿ ಡ್ರಿಲ್ಲಿನಿಂದ ಒಂದು ದುಂಡು ತೂತು ಕೊರೆಯುತ್ತಾನೆ.

ಒಡೆದದ್ದಕ್ಕೆ ಮತ್ತೆ ತೂತೇ? ಹೌದು, ಅದರಲ್ಲೇ ವಿಜ್ಞಾನವಿದೆ. ಇಂಗ್ಲೆಂಡಿನ ಚಾರ್ಲ್ಸ್ ಇಂಗ್ಲಿಸ್ ಎಂಬ ಎಂಜಿನಿಯರ್ 1913ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹಾಳೆಯಂಥ ವಸ್ತುವನ್ನು ಎಳೆದಾಗ, ಅದರಲ್ಲಿನ ದುಂಡು ತೂತಿನ ಅಂಚಿನಲ್ಲಿ ಎಳೆತ ಸುಮಾರು 3 ಪಟ್ಟಾಗುತ್ತದೆ. ತೂತು ಉದ್ದವಾಗಿ, ತುದಿ ಚೂಪಾದಷ್ಟೂ ಅದು ಹತ್ತಾರು ಪಟ್ಟು ಏರುತ್ತದೆ. ಬಿರುಕಿನ ತುದಿಗಿಂತ ಚೂಪಾದದ್ದು ಇನ್ನೇನಿದೆ? ಆ ಚೂಪನ್ನು ದುಂಡಾಗಿಸಿದರೆ ಬಿರುಕು ಮುಂದೆ ಓಡುವುದು ಕಷ್ಟ.

ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳ ಅಂಚಿನಲ್ಲಿ, ಮಧ್ಯಕ್ಕೆ ಸರಿಯಾಗಿ, ಕತ್ತರಿಯಿಂದ ಒಂದೇ ಉದ್ದದ ಸೀಳು ಮಾಡಿ. ಒಂದರ ಸೀಳಿನ ತುದಿಯಲ್ಲಿ ಪಂಚಿಂಗ್ ಮಶೀನಿನಿಂದ ತೂತು ಹಾಕಿ. ಎರಡನ್ನೂ ಎರಡು ಬದಿಯಿಂದ ಹಿಡಿದು ಎಳೆಯಿರಿ. ಯಾವುದು ಬೇಗ ಹರಿಯಿತು?

ತುದಿಗಳು ಭದ್ರವಾದ ಮೇಲೆ ಹೊಲಿಗೆ ಶುರು. ಬಿರುಕಿನ ಮೇಲೆ ಒಂದು ತೂತು ಕೊರೆದು, ಬಿಗಿಯಾಗಿ ಸ್ಕ್ರೂ ತಿರುಗಿಸಿ, ಮೇಲುಳಿದ ತಲೆಯನ್ನು ಕತ್ತರಿಸುತ್ತಾರೆ. ಮುಂದಿನ ತೂತು ಈ ಸ್ಕ್ರೂವಿನ ಅಂಚನ್ನೂ ಒಂದಿಷ್ಟು ಕಡಿದುಕೊಂಡೇ ಬರಬೇಕು. ಹೀಗೆ ಒಂದನ್ನೊಂದು ಕಚ್ಚಿ ಕೂತ ಸ್ಕ್ರೂಗಳ ಸಾಲು ಇಡೀ ಬಿರುಕನ್ನು ತುಂಬುತ್ತದೆ, ನೀರು ಸೋರಲು ಸಂದಿಯೇ ಉಳಿಯುವುದಿಲ್ಲ. ಎರಡು ಬದಿಗಳು ಅಗಲದಂತೆ ಬಿರುಕಿಗೆ ಅಡ್ಡಲಾಗಿ ಗಟ್ಟಿ ಲೋಹದ ಪಟ್ಟಿಗಳನ್ನೂ ಕೂರಿಸುತ್ತಾರೆ. ಉಜ್ಜಿ ನಯಗೊಳಿಸಿದ ಮೇಲೆ, ಬ್ಲಾಕಿನ ಬಾಯಿಗಳನ್ನೆಲ್ಲ ಮುಚ್ಚಿ ಒಳಗೆ ಗಾಳಿ ತುಂಬಿ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಏಳದಿದ್ದರೆ ಕೆಲಸ ಗೆದ್ದಂತೆ.

ನೂರು ವರ್ಷದ ಎಂಜಿನ್ ಮತ್ತೆ ಓಡುವುದು ಬರೀ ಕೈಚಳಕದಿಂದಲ್ಲ. ಬಿರುಕು ಹೇಗೆ ಬೆಳೆಯುತ್ತದೆಂದು ತಿಳಿದವರಿಗೆ ಅದನ್ನು ಎಲ್ಲಿ ತಡೆಯಬೇಕೆಂಬುದೂ ತಿಳಿಯುತ್ತದೆ. ವಿಮಾನದ ಕಿಟಕಿಗಳ ಮೂಲೆಗಳು ಚೂಪಾಗಿರದೆ ದುಂಡಗಿರುವುದೂ ಇದೇ ಕಾರಣಕ್ಕೆ. ಯಂತ್ರಗಳಲ್ಲಿ ದುಂಡಗಿನ ಮೂಲೆ ಕಂಡಾಗಲೆಲ್ಲ, ಅದು ಅಂದಕ್ಕೋ ಬಲಕ್ಕೋ ಎಂದು ಕೇಳಿಕೊಳ್ಳಿ.