‘ಸರ್ಕಾರದ ಮಾನ್ಯತೆ’ ಪಡೆದ ಔಷಧಿ



ಕಳೆದ ಸಂಕ್ರಮಣದಂದು ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆಯರ ಕೂಡುನೀರಿನಲ್ಲಿ ಮಿಂದು, ಸಂಗಮನಾಥನ ದರ್ಶನ ಮುಗಿಸಿಕೊಂಡ ಪತಿಪತ್ನಿಯರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ಮದುವೆಯಾಗಿ ಐದು ವರ್ಷಗಳಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ. ಆಕೆ ಸೆರಗಿನ ಗಂಟು ಬಿಚ್ಚಿ, ಪತ್ರಿಕೆಯ ತುಣುಕೊಂದನ್ನು ಮೇಜಿನ ಮೇಲಿಟ್ಟರು. ‘ಸಂತಾನ ಖಚಿತ, ಸರ್ಕಾರದಿಂದ ಮಾನ್ಯತೆ ಪಡೆದದ್ದು’ ಎಂದು ದಪ್ಪಕ್ಷರಗಳಲ್ಲಿತ್ತು. ಪಕ್ಕದಲ್ಲಿ ಸಿಂಹಲಾಂಛನವನ್ನು ಹೋಲುವ ಚಿತ್ರ. ಎರಡು ಆಡು ಮಾರಿದ ಹಣ ಆಗಲೇ ಕೈಬಿಟ್ಟಿತ್ತು.

“ಸರಕಾರದ್ದು ಅಂತ ಬರದಾರಲ್ರೀ ಸಾಹೇಬರ, ಅದಕ್ಕ ನಂಬಿದ್ವಿ” ಎಂದರು ಪತಿ.

ಈ ನಂಬಿಕೆಗೆ ನಗುವುದು ತರವಲ್ಲ. ಸಿಡುಬನ್ನು ನಿರ್ಮೂಲಗೊಳಿಸಲು ಮನೆಮನೆಗೆ ಬಂದವರು, ತಮ್ಮ ಮಕ್ಕಳಿಗೆ ಪೋಲಿಯೋ ಹನಿ ಹಾಕಿದವರು ಸರ್ಕಾರದ ಕಾರ್ಯಕರ್ತರೇ. ಹಾಗೆ ಗಳಿಸಿದ ವಿಶ್ವಾಸವನ್ನೇ ಜಾಹೀರಾತುದಾರನು ತನ್ನ ಸರಕಿಗೆ ಬಳಸಿಕೊಳ್ಳುತ್ತಾನೆ.

ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರಲ್ಲಿದ್ದುದು ತಯಾರಿಕಾ ಪರವಾನಗಿಯ ಸಂಖ್ಯೆ ಮಾತ್ರ. 1940ರ ಔಷಧ ಕಾಯಿದೆಯ ಮೇರೆಗೆ, ಮಾರಾಟಕ್ಕೆಂದು ಔಷಧಿ ತಯಾರಿಸುವವರು ಪರವಾನಗಿ ಪಡೆಯಲೇಬೇಕು. ಅದು ತಯಾರಿಸಲು ಕೊಟ್ಟ ಅನುಮತಿಯೇ ಹೊರತು, ಜಾಹೀರಾತಿನ ಮಾತು ನಿಜವೆಂಬ ಪ್ರಮಾಣಪತ್ರವಲ್ಲ. ಗ್ರಾಮ ಪಂಚಾಯಿತಿಯು ಖಾನಾವಳಿಗೆ ಪರವಾನಗಿ ಕೊಟ್ಟ ಮಾತ್ರಕ್ಕೆ ಅಲ್ಲಿಯ ಮಿರ್ಚಿಭಜಿಯ ರುಚಿಗೆ ಪಂಚಾಯಿತಿ ಹೊಣೆಯಾಗುವುದೇ?

ಸುಶಿಕ್ಷಿತರೂ ಇದರಲ್ಲಿ ಮೋಸಹೋಗುತ್ತಾರೆ. 2021ರ ಫೆಬ್ರವರಿಯಲ್ಲಿ ಪತಂಜಲಿ ಸಂಸ್ಥೆಯು ತನ್ನ ‘ಕೊರೊನಿಲ್’ಗೆ ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯನ್ವಯ ಪ್ರಮಾಣಪತ್ರ ದೊರೆತಿದೆಯೆಂದು ಸಾರಿತು. ಕೋವಿಡ್‌ಗೆ ಯಾವ ಸಾಂಪ್ರದಾಯಿಕ ಔಷಧಿಯನ್ನೂ ತಾನು ಪರಿಶೀಲಿಸಿಲ್ಲ, ಪ್ರಮಾಣೀಕರಿಸಿಯೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು. ಅದೇ ಸಂಸ್ಥೆಯ ಔಷಧಿಗಳ ಜಾಹೀರಾತುಗಳನ್ನು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಹಿಡಿಯಿತು. ಸಂಸ್ಥೆಯು ಪತ್ರಿಕೆಗಳಲ್ಲಿ ಕ್ಷಮೆ ಕೋರಿತು.

ನಮ್ಮ ದಂಪತಿಗಳ ವಿಷಯಕ್ಕೆ ಬರೋಣ. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ 1954ರಷ್ಟು ಹಿಂದಿನದು. ಸ್ತ್ರೀಯರ ಸಂತಾನಹೀನತೆ, ಮುಟ್ಟಿನ ದೋಷ, ಗರ್ಭನಿರೋಧ, ಗರ್ಭಪಾತ ಇವುಗಳಿಗೆ ಔಷಧಿಯುಂಟೆಂದು ಖಾಸಗಿಯವರು ಜಾಹೀರಾತು ನೀಡುವುದನ್ನು ಅದು ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಅಂದರೆ, ಸರ್ಕಾರದ ಕಾಯಿದೆಯೇ ನಿಷೇಧಿಸಿರುವ ಜಾಹೀರಾತು ಸರ್ಕಾರದ ಹೆಸರನ್ನು ಹೊತ್ತು ಅವರ ಮನೆ ಸೇರಿತ್ತು! ಸಿಂಹಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದೂ 2005ರ ಕಾಯಿದೆಯಂತೆ ಅಪರಾಧ.

‘ಗಂಡುಮಗುವಿನ ಔಷಧಿ’ಯ ಮಾತಂತೂ ಶುದ್ಧ ಸುಳ್ಳು. ಗರ್ಭ ನಿಲ್ಲುವ ಕ್ಷಣದಲ್ಲೇ ತಂದೆಯ ವೀರ್ಯಾಣುವಿನಿಂದ ಶಿಶುವಿನ ಲಿಂಗ ನಿರ್ಧಾರವಾಗಿರುತ್ತದೆ. ಅನಂತರ ತಾಯಿ ಯಾವ ಔಷಧಿ ಸೇವಿಸಿದರೂ ಅದು ಬದಲಾಗದು.

ಐದು ವರ್ಷ ಆಕೆಗೆ ಮಾತ್ರ ಔಷಧಿ ಕುಡಿಸಲಾಗಿತ್ತು. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಪತಿಪತ್ನಿಯರಿಬ್ಬರೂ ಪರೀಕ್ಷೆಗೊಳಗಾಗಬೇಕು. ದೋಷ ಪತಿಯಲ್ಲಿಯೂ ಇರಬಹುದು. ವೀರ್ಯ ಪರೀಕ್ಷೆ ಸರಳವಾದುದು, ನೋವಿಲ್ಲದ್ದು. ಇದನ್ನು ಹೇಳಿದಾಗ ಪತಿ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದರು. ಮರುವಾರ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಲು ಅವರೊಬ್ಬರೇ ಬಂದರು.

ತಮ್ಮಲ್ಲಿಯೂ ಅಂತಹ ತುಣುಕು, ಡಬ್ಬಿಗಳಿದ್ದರೆ ಎಸೆಯದೆ ತನ್ನಿರಿ. ದೂರು ಕೊಡಲು ಅವೇ ಸಾಕ್ಷಿ.