ಹಿಮಾಲಯದ ಹಿಮವೂ ನಮ್ಮ ಮುಂಗಾರೂ
(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನವನ್ನು ಕ್ರಮವಾಗಿ ಓದಿದವರು ಈ ಸಭೆಯಲ್ಲಿ ಹಲವರಿದ್ದೀರಿ. ನಾವಾದರೋ ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಪುಸ್ತಕ ಹಿಡಿದವರು. ಆದರೆ ವಾಚನಾಲಯದ ಮೇಜಿನ ಮೇಲಿನ ಪತ್ರಿಕೆಗಳಲ್ಲಿ ಉಪಗ್ರಹದ ಚಿತ್ರವನ್ನು ಕಂಡು, ಇದರಿಂದ ತಿಳಿಯುವುದೇನು ಎಂದು ಕೇಳುವವರು ಹೆಚ್ಚಾದುದರಿಂದ, ಓದಿ ತಿಳಿದಷ್ಟನ್ನು ತಮ್ಮ ಮುಂದಿಡುತ್ತೇವೆ. ಮೋಡದ ಮಾತನ್ನು ಎಲ್ಲರೂ ಆಡುತ್ತಾರೆ. ನಾವು ಈ ಹೊತ್ತು ಹಿಮದ ಮಾತನ್ನು ಆಡೋಣ.

ಹಿಮಾಲಯದ ಹಿಮಕ್ಕೂ ತುಮಕೂರಿನ ರಾಗಿ ಹೊಲಕ್ಕೂ ಏನು ನಂಟು? ಈ ಪ್ರಶ್ನೆಯನ್ನು ಎತ್ತಿದ್ದು ಬರಗಾಲವೇ. 1876ರಿಂದ 1878ರ ತನಕ ದಕ್ಷಿಣ ದೇಶವನ್ನು ಹಿಂಡಿದ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದರು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಐದರಲ್ಲಿ ಒಂದು ಪಾಲು ಜನ ಅಳಿದರೆಂದು ಅಂದಾಜು. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳ ಪಾಡೂ ಲೇಸಾಗಿರಲಿಲ್ಲ. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮಳೆ ಕೈಕೊಡುವುದನ್ನು ಮುಂಚೆಯೇ ಹೇಳಬಹುದೇ ಎಂದು ಸರಕಾರ ಅದರ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡರನ್ನು ಕೇಳಿತು. ವಸಂತಕಾಲದಲ್ಲಿ ಹಿಮಾಲಯದ ಮೇಲೆ ಹಿಮ ವಿಪರೀತವಾಗಿ ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂಬುದನ್ನು ಅವರು ಗಮನಿಸಿ 1884ರಲ್ಲಿ ಪ್ರಕಟಿಸಿದರು. 1886ರಿಂದ ವರ್ಷ ವರ್ಷವೂ ಮುನ್ಸೂಚನೆ ಹೊರಟಿತು.

ಕಾರಣ ಸರಳವಾದುದು. ಬಿಳಿಯ ಹಿಮ ಬಿಸಿಲನ್ನು ಮೇಲಕ್ಕೇ ಹಿಂದಿರುಗಿಸುತ್ತದೆ. ಉಳಿದ ಶಾಖ ಹಿಮ ಕರಗಿಸುವುದಕ್ಕೂ ನೀರು ಆರಿಸುವುದಕ್ಕೂ ವೆಚ್ಚವಾಗುತ್ತದೆ. ನೆಲ ಕಾಯುವುದು ತಡವಾಗುತ್ತದೆ. ಕಾದ ನೆಲವೇ ಕಡಲಿನ ಗಾಳಿಯನ್ನು ಸೆಳೆಯಬೇಕು. ಸೆಳೆತ ತಗ್ಗಿದರೆ ಮಳೆ ತಗ್ಗುತ್ತದೆ.

ಆದರೆ ಬ್ಲಾನ್‌ಫರ್ಡರಿಗೆ ಸಿಕ್ಕಿದ್ದು ಗುಡ್ಡಗಾಡಿನ ಠಾಣೆಗಳ ವರದಿ ಮಾತ್ರ. ಬೆಟ್ಟದ ಆಚೆ ಏನಿದೆಯೆಂದು ನೋಡುವವರಾರು? ಅವರ ನಂತರದ ಜಾನ್ ಎಲಿಯಟ್ಟರು 1899ರಲ್ಲಿ ಒಳ್ಳೆಯ ಮಳೆಯೆಂದರು. ಬಂದದ್ದು ಘೋರ ಬರ.

1960ರ ಏಪ್ರಿಲ್ 1ರಂದು ಅಮೆರಿಕೆಯವರು ಟೈರಾಸ್ ಎಂಬ ಮೊದಲ ಹವಾಮಾನ ಉಪಗ್ರಹವನ್ನು ಹಾರಿಸಿದರು. 1966ರಿಂದ ಉತ್ತರ ಗೋಲಾರ್ಧದ ಹಿಮದ ನಕ್ಷೆ ವಾರಕ್ಕೊಂದರಂತೆ ಸಿದ್ಧವಾಗತೊಡಗಿತು. ಆ ನಕ್ಷೆಗಳನ್ನು ಹಿಡಿದು ಡಗ್ಲಸ್ ಹಾನ್ ಎಂಬವರೂ, ಬಲಿಯಾ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಜಗದೀಶ ಶುಕ್ಲಾ ಅವರೂ 1976ರಲ್ಲಿ ಲೆಕ್ಕ ಹಾಕಿದರು. ಯುರೋಪು ಏಷ್ಯಾಗಳ ಮೇಲೆ ಚಳಿಗಾಲದ ಹಿಮ ಹೆಚ್ಚಿದರೆ ನಮ್ಮ ಮಳೆ ಕಡಿಮೆ! ತೊಂಬತ್ತು ವರ್ಷಗಳ ಹಿಂದಿನ ಊಹೆಗೆ ಆಕಾಶದಿಂದ ಸಾಕ್ಷಿ ಬಂತು.

ಚಿತ್ರ ಸಿಕ್ಕ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯಬಾರದು. ಮೇಲಿನಿಂದ ನೋಡಿದರೆ ಮೋಡವೂ ಬಿಳಿ, ಹಿಮವೂ ಬಿಳಿ. ಬಿಡಿಸುವುದು ಹೇಗೆ? ಮೋಡ ಚಲಿಸುತ್ತದೆ, ಹಿಮ ನಿಂತಲ್ಲೇ ಇರುತ್ತದೆ. ಆದ್ದರಿಂದ ನಾಲ್ಕಾರು ದಿನದ ಚಿತ್ರಗಳನ್ನು ಹೋಲಿಸಿ ನೋಡಬೇಕು. ಹಿಮವಾದರೆ ಕಣಿವೆಗಳು ಮರದ ಕೊಂಬೆಗಳಂತೆ ಕಪ್ಪಾಗಿ ಎದ್ದು ತೋರುತ್ತವೆ. ಇನ್ನೊಂದು ಉಪಾಯವುಂಟು. ಕಣ್ಣಿಗೆ ಕಾಣದ ಒಂದು ಬಗೆಯ ಅವಕೆಂಪು ಬೆಳಕನ್ನು ಹಿಮ ಹೀರಿಬಿಡುತ್ತದೆ, ನೀರಹನಿಯ ಮೋಡ ಹಿಂದಿರುಗಿಸುತ್ತದೆ. ಆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಹಿಮ ಕಪ್ಪು, ಮೋಡ ಬಿಳಿ. 2013ರಲ್ಲಿ ಹಾರಿದ ನಮ್ಮ ಇನ್ಸಾಟ್-3ಡಿ ಈ ಕಣ್ಣನ್ನು ಹೊತ್ತು ಹೋಯಿತು. ಸುಮಾರು 36,000 ಕಿಲೋಮೀಟರ್ ಎತ್ತರದ ಇಂಥ ಉಪಗ್ರಹಗಳ ಚುಕ್ಕಾಣಿ ಹಿಡಿಯುವ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ ಎಂದು ಹೇಳಲು ನಮಗೆ ಕೊಂಚ ಹೆಮ್ಮೆ; ತಾವು ಮನ್ನಿಸಬೇಕು.

ಗಿರಣಿಯಲ್ಲಿ ಹತ್ತಿ ಆರಿಸುವವರನ್ನು ನೋಡಿದ್ದೇವೆ. ಒಂದು ಚಿಟಿಕೆ ಹತ್ತಿಯನ್ನು ಬೆರಳಲ್ಲಿ ಎಳೆದು ದರ್ಜೆ ಹೇಳುತ್ತಾರೆ. ಆ ಕೈ ಪಳಗಲು ವರ್ಷಗಳು ಬೇಕು. ಚಿತ್ರ ಓದುವ ಕಣ್ಣೂ ಹಾಗೆಯೇ. ಅದನ್ನು ಪಳಗಿಸುವ ಹವಾಮಾನ ಇಲಾಖೆಯ ತರಬೇತಿ ಶಾಲೆ ನಾವಿರುವ ಈ ಪುಣೆಯಲ್ಲೇ ಇದೆ. ಹೊರದೇಶದವರೂ ಬಂದು ಕಲಿಯುತ್ತಾರೆ. ನಮ್ಮ ಹುಡುಗರು ಶಿವಾಜಿನಗರದ ಶಿಮ್ಲಾ ಆಫೀಸಿನ ಮುಂದೆ ದಿನಾ ಬಸ್ಸು ಹತ್ತುತ್ತಾರೆ. 1928ರಲ್ಲಿ ಇಲಾಖೆ ಶಿಮ್ಲಾದಿಂದ ಇಲ್ಲಿಗೆ ಬಂದುದರಿಂದ ಆ ಹೆಸರೆಂದು ಎಷ್ಟು ಮಂದಿಗೆ ಗೊತ್ತು?

ಹಿಮವೊಂದನ್ನೇ ನಂಬಿ ಕೂರುವಂತಿಲ್ಲ. 1988ರಲ್ಲಿ ಇಲಾಖೆ ಹದಿನಾರು ಲಕ್ಷಣಗಳ ಲೆಕ್ಕವೊಂದನ್ನು ಜಾರಿಗೆ ತಂದಿತು. ಹಿಮಾಲಯದ ಹಿಮವೂ ಅದರಲ್ಲೊಂದು. 2002ರ ಬರವನ್ನು ಅದು ಹಿಡಿಯಲಾರದೆ ಹೋಯಿತು, ಮರುವರ್ಷ ಲೆಕ್ಕವನ್ನೇ ಬದಲಿಸಿದರು. ಶಾಂತಸಾಗರದ ನೀರು ಬಿಸಿಯಾದರೆ ಹಿಮದ ಮಾತು ನಡೆಯದೆ ಹೋಗುವುದುಂಟು. ಇಲಾಖೆಯನ್ನು ಹಾಸ್ಯ ಮಾಡುವವರು ಈ ಕಷ್ಟವನ್ನೂ ಸ್ವಲ್ಪ ಎಣಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಎರಡು ಮೂರು ಎಕರೆ ಹೊಲವುಂಟು. ಬಿತ್ತನೆಗೆ ಸಾಲ ಎತ್ತಲೇ, ಬೇಡವೇ ಎಂದು ತಮ್ಮಂದಿರು ಊರಿನಿಂದ ಕೇಳುತ್ತಾರೆ. ಏಪ್ರಿಲಿನ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಮಳೆಯನ್ನು ಕುರಿತದ್ದು. ಅದನ್ನು ನೋಡಿ ಒಂದು ಹೊಲಕ್ಕೆ ಸಾಲ ಎತ್ತಬೇಡಿರಿ. ಜಿಲ್ಲೆಯ ಐದು ದಿನಗಳ ಸೂಚನೆ ಬೇರೆ ಇದೆ, ಬಿತ್ತುವವನಿಗೆ ಅದೇ ಮೇಲು. ಏಪ್ರಿಲಿನ ಪ್ರಕಟಣೆ ಬಂದಾಗ ಅದನ್ನು ವಾಚನಾಲಯದ ಹಲಗೆಗೆ ಅಂಟಿಸುತ್ತೇವೆ. ಹಿಮದ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆಂದು ತಾವೇ ಓದಿ ನೋಡಬೇಕು.