ಕನ್ನಡಿ ಪ್ರತಿಯೂ ಕಾಪಿಟ್ಟ ಪ್ರತಿಯೂ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಮನೆಯ ಕಾಗದಪತ್ರಗಳು ಮರದ ಪೆಟ್ಟಿಗೆಯಲ್ಲಿರುತ್ತಿದ್ದವು. ಇಂದು ಅಜ್ಜಿಯ ದನಿ, ಮದುವೆಯ ಚಿತ್ರಗಳು, ಜಮೀನಿನ ಪತ್ರಗಳ ನಕಲು, ಮಕ್ಕಳ ಅಂಕಪಟ್ಟಿ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿವೆ. ಪೆಟ್ಟಿಗೆಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಹಾರ್ಡ್ ಡಿಸ್ಕ್ ಕೆಡುವುದಾದರೋ ಹಲವು ವೇಳೆ ಯಾವ ಮುನ್ಸೂಚನೆಯೂ ಇಲ್ಲದೆ. ಆದುದರಿಂದ ಒಂದೇ ಬರಹವನ್ನು ಎರಡು ಡಿಸ್ಕುಗಳಲ್ಲಿ ಇರಿಸುವ ‘ಕನ್ನಡಿ’ ಏರ್ಪಾಡಿನ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇವೆ.

ಹಾರ್ಡ್ ಡಿಸ್ಕ್ ಕೆಡುವುದೇಕೆ? 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಇಂತಹ ಮೊದಲ ಯಂತ್ರವನ್ನು ಹೊರತಂದಿತು. ಎರಡು ಅಡಿ ಅಗಲದ 50 ತಟ್ಟೆಗಳಿದ್ದರೂ ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿಯೂ ತತ್ತ್ವ ಅದೇ. ಕಾಂತೀಯ ಲೇಪವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ, ಓದಿ ಬರೆಯುವ ಮೊನೆಯು ತೇಲುತ್ತಿರುತ್ತದೆ. ಇಷ್ಟು ನಾಜೂಕಾದ ಯಂತ್ರವು ಒಂದಲ್ಲ ಒಂದು ದಿನ ಕೆಡುವುದು ಸಹಜವೇ. ತಿರುಗುವ ತಟ್ಟೆಗಳಿಲ್ಲದ ಎಸ್.ಎಸ್.ಡಿ.ಗಳೂ ಶಾಶ್ವತವಲ್ಲ.

1988ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು, ಅಗ್ಗದ ಹಲವು ಡಿಸ್ಕುಗಳನ್ನು ಒಗ್ಗೂಡಿಸುವ ವಿಧಾನಗಳಿಗೆ ‘ರೇಡ್’ ಎಂದು ಹೆಸರಿಟ್ಟು, ಅವುಗಳನ್ನು ವರ್ಗೀಕರಿಸಿದರು. ಅವರಿಗಿಂತ ಮೊದಲೇ ಬಳಕೆಯಲ್ಲಿದ್ದ ಕನ್ನಡಿ ಪದ್ಧತಿಯು ಆ ಪಟ್ಟಿಯಲ್ಲಿ ಒಂದನೆಯ ವರ್ಗವಾಯಿತು.

ವಿದ್ಯಾರ್ಥಿಗಳು ಇದನ್ನು ಉಕ್ತಲೇಖನಕ್ಕೆ ಹೋಲಿಸಿ ತಿಳಿಯಬಹುದು. ಗುರುಗಳು ಹೇಳಿದುದನ್ನು ಇಬ್ಬರು ಹುಡುಗರು ತಮ್ಮ ತಮ್ಮ ಪುಸ್ತಕದಲ್ಲಿ ಒಟ್ಟಿಗೆ ಬರೆಯುತ್ತಾರೆ. ಒಬ್ಬನ ಪುಸ್ತಕ ಮಳೆಯಲ್ಲಿ ನೆನೆದು ಹಾಳಾದರೂ ಮತ್ತೊಬ್ಬನದು ಉಳಿಯುತ್ತದೆ. ಓದಿ ಹೇಳಬೇಕಾದಾಗ ಇಬ್ಬರಲ್ಲಿ ಯಾರು ಓದಿದರೂ ನಡೆದೀತು. ಆದರೆ ಪುಸ್ತಕ ಎರಡಾದರೂ ಪಾಠ ಒಂದೇ. ಹಾಗೆಯೇ 2 ಟಿ.ಬಿ.ಯ ಎರಡು ಡಿಸ್ಕುಗಳನ್ನು ಜೋಡಿಸಿದರೆ ದೊರೆಯುವ ಸ್ಥಳ 2 ಟಿ.ಬಿ.ಯೇ ಹೊರತು 4 ಅಲ್ಲ. ಜೋಡಿಯಲ್ಲಿ ಒಂದು ಚಿಕ್ಕದಾದರೆ ಆ ಚಿಕ್ಕದರ ಅಳತೆಯೇ ಲೆಕ್ಕಕ್ಕೆ ಬರುತ್ತದೆ.

ಒಂದು ಡಿಸ್ಕ್ ಕೆಟ್ಟರೆ ಕಂಪ್ಯೂಟರ್ ಇನ್ನೊಂದರ ಬಲದಿಂದ ಕೆಲಸ ನಡೆಸುತ್ತಲೇ ಇರುತ್ತದೆ. ಗುಣವೂ ಅಪಾಯವೂ ಇದರಲ್ಲಿಯೇ ಅಡಗಿವೆ. ಕೆಲಸ ನಿಲ್ಲದ ಕಾರಣ, ಎಚ್ಚರಿಕೆಯ ಸಂದೇಶವನ್ನು ಗಮನಿಸದ ಮನೆಯವರಿಗೆ ಜೋಡಿ ಮುರಿದುದು ತಿಳಿಯುವುದೇ ಇಲ್ಲ. ತಿಳಿದೊಡನೆ ಹೊಸ ಡಿಸ್ಕನ್ನು ಹಾಕತಕ್ಕದ್ದು. ಉಳಿದ ಡಿಸ್ಕಿನಿಂದ ಎಲ್ಲವೂ ಹೊಸದಕ್ಕೆ ನಕಲಾಗಲು ಅನೇಕ ಗಂಟೆಗಳು ಹಿಡಿದಾವು. ಅಷ್ಟು ಹೊತ್ತೂ ನಮ್ಮ ಸರ್ವಸ್ವವು ಒಂದೇ ಡಿಸ್ಕಿನ ಮೇಲೆ ನಿಂತಿರುತ್ತದೆ.

ಇನ್ನು ಮುಖ್ಯವಾದ ಮಾತು. ಗುರುಗಳು ಮರೆತು, ‘ಮೂರನೆಯ ಸಾಲನ್ನು ಅಳಿಸಿರಿ’ ಎಂದರೆ ಇಬ್ಬರು ಹುಡುಗರೂ ಅಳಿಸುತ್ತಾರೆ. ಅಂತೆಯೇ ನಾವು ಕೈತಪ್ಪಿ ಒಂದು ಚಿತ್ರವನ್ನು ಅಳಿಸಿದರೆ ಅದು ಎರಡು ಡಿಸ್ಕುಗಳಿಂದಲೂ ಅದೇ ಕ್ಷಣ ಅಳಿಯುತ್ತದೆ. ವೈರಸ್ ಹೊಕ್ಕರೆ ಎರಡೂ ಕೆಡುತ್ತವೆ. ಸಿಡಿಲು, ಬೆಂಕಿ, ಕಳವುಗಳಿಗೆ ಎರಡೂ ಒಟ್ಟಿಗೆ ತುತ್ತಾಗಬಹುದು. ಏಕೆಂದರೆ ಎರಡೂ ಇರುವುದು ಒಂದೇ ಪೆಟ್ಟಿಗೆಯಲ್ಲಿ. ಕನ್ನಡಿಯು ಯಂತ್ರದ ದೋಷದಿಂದ ಕಾಪಾಡೀತೇ ವಿನಾ ನಮ್ಮ ಕೈಯ ತಪ್ಪಿನಿಂದ ಕಾಪಾಡಲಾರದು.

ನಮ್ಮ ಹಿರಿಯರು ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡಿದರು. ಆ ಪ್ರತಿಗಳು ಬೇರೆ ಬೇರೆ ಮಠ, ಬಸದಿ, ಮನೆಗಳಲ್ಲಿ ಉಳಿದುದರಿಂದಲೇ ಅನೇಕ ಕನ್ನಡ ಕಾವ್ಯಗಳು ನಮ್ಮ ಕೈಸೇರಿವೆ. ಒಂದೆಡೆಯದು ಹುಳು ತಿಂದರೆ ಇನ್ನೊಂದೆಡೆಯದು ಉಳಿಯಿತು. ಗಣಕ ಬಲ್ಲವರು ಇಂದು ಹೇಳುವ ಸೂತ್ರವೂ ಇದಕ್ಕೆ ಹತ್ತಿರವೇ: 3 ಪ್ರತಿಗಳಿರಲಿ, 2 ಬಗೆಯ ಸಾಧನಗಳಲ್ಲಿರಲಿ, 1 ಪ್ರತಿಯಾದರೂ ಬೇರೊಂದು ಸ್ಥಳದಲ್ಲಿರಲಿ.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಅನುಕೂಲವಿದ್ದವರು ಕನ್ನಡಿ ಏರ್ಪಾಡನ್ನು ಮಾಡಿಕೊಳ್ಳಲಿ. ಆದರೆ ಅನುಕೂಲ ಒಂದಕ್ಕೇ ಇದ್ದರೆ, ಬಿಡಿಯಾದ ಒಂದು ಡಿಸ್ಕನ್ನು ಕೊಂಡು, ತಿಂಗಳಿಗೊಮ್ಮೆ ನಕಲು ತೆಗೆದು, ಕಂಪ್ಯೂಟರಿನಿಂದ ಬಿಡಿಸಿ ಬಂಧುಗಳ ಮನೆಯಲ್ಲಿ ಇಡುವುದೇ ಮೇಲು. ನಕಲು ತೆಗೆದು ಸುಮ್ಮನಾಗದೆ, ಅದು ತೆರೆಯುವುದೋ ಇಲ್ಲವೋ ಎಂದು ನೋಡುವ ಹೊಣೆಯನ್ನು ಮನೆಯ ಮಕ್ಕಳಿಗೇ ಒಪ್ಪಿಸಿರಿ. ಅಜ್ಜಿಯ ದನಿಯನ್ನು ಮುಂದೆ ಕೇಳಬೇಕಾದವರು ಅವರೇ ಅಲ್ಲವೇ?